ಮನೆಯಲ್ಲಿ ಕಟ್ಟಿದ ಸೈಲೆನ್ಸರ್ ತಕರಾರು ಮಾಡಿದರೆ: ಮೊದಲು ಲೀಕ್ ಹುಡುಕಿ, ಟ್ಯೂನಿಂಗ್ ಕೊನೆಗಿರಲಿ

ಮನೆಯಲ್ಲೇ ಪೈಪ್ ಬಗ್ಗಿಸಿ, ವೆಲ್ಡಿಂಗ್ ಮಾಡಿ, ಬೈಕಿಗೆ ಹೊಸ ಸೈಲೆನ್ಸರ್ ಕೂರಿಸಿದ್ದೀರಿ. ನೋಡೋಕೆ ಚೆನ್ನಾಗಿದೆ. ಓಡಿಸಿದರೆ ಮಾತ್ರ ಏನೋ ಸರಿ ಇಲ್ಲ. ಥ್ರಾಟಲ್ ಬಿಟ್ಟ ಕೂಡಲೇ ಪಟಪಟ ಹೊಡೆಯುತ್ತದೆ, ಏರಿನಲ್ಲಿ ಪಿಕಪ್ ಇಲ್ಲ, ಮೈಲೇಜ್ ಇಳಿದಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರ ಕೈ ಸೀದಾ ಕಾರ್ಬೋರೇಟರ್ ಸ್ಕ್ರೂ ಮೇಲೆ ಹೋಗುತ್ತದೆ. ಸ್ಕ್ರೂ ತಿರುಗಿಸಿ ಆಗದಿದ್ದರೆ ಜೆಟ್ (ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಬದಲಿಸುತ್ತಾರೆ. ಆಮೇಲೆ ಎರಡು ತೊಂದರೆ ಒಟ್ಟಿಗೆ ಸೇರಿಕೊಳ್ಳುತ್ತವೆ, ಯಾವುದು ಯಾವುದರಿಂದ ಬಂತು ಅಂತ ಗೊತ್ತೇ ಆಗುವುದಿಲ್ಲ.

ನಾನು ಹೇಳುವುದು ಇಷ್ಟೆ. ಮೊದಲು ಲೀಕ್ ಹುಡುಕಿ. ಲೀಕ್ ಸಿಕ್ಕರೆ ಅದನ್ನು ಮುಚ್ಚುವ ಮೊದಲು ಯಾಕೆ ಬಂತು ಅಂತ ನೋಡಿ. ಮನೆಯಲ್ಲಿ ಕಟ್ಟಿದ ಪೈಪಿನಲ್ಲಿ ಇಂಜಿನ್ ದೋಷದ ಹಾಗೆ ಕಾಣುವ ಎಷ್ಟೋ ತೊಂದರೆಗಳು ಜೋಡಣೆಯಲ್ಲೇ ಇರುತ್ತವೆ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲೂ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯೂ ಇದಕ್ಕೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ: ನೀರು. ಮಳೆ ನೀರು, ಉಪ್ಪು ಗಾಳಿ, ಪೈಪಿನ ಒಳಗೇ ಹುಟ್ಟುವ ನೀರು.

ಕೈ ಹಾಕುವ ಮೊದಲು

ಮಳೆಗಾಲದಲ್ಲಿ ಶೆಡ್ಡಿನ ಬಾಗಿಲು ಮುಚ್ಚಿ ಇಂಜಿನ್ ಓಡಿಸಬೇಡಿ. ಹೊಗೆಯಲ್ಲಿ ಇರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆ ಭಾರವಾಗಿದೆ ಅಂತ ಅನ್ನಿಸುವಷ್ಟರಲ್ಲಿ ಎದ್ದು ಹೊರಗೆ ಬರುವ ಶಕ್ತಿ ಹೋಗಿರಬಹುದು. ಬೈಕನ್ನು ಅಂಗಳಕ್ಕೆ ತನ್ನಿ. ಮಳೆ ಇದ್ದರೆ ಮೂರೂ ಕಡೆ ತೆರೆದಿರುವ ಮಾಡಿನ ಕೆಳಗೆ ನಿಲ್ಲಿಸಿ.

ಮತ್ತೆ ವೆಲ್ಡಿಂಗ್ ಮಾಡುವುದಿದ್ದರೆ ಪೈಪನ್ನು ಬೈಕಿನಿಂದ ಬಿಚ್ಚಿಯೇ ಮಾಡಿ. ಅಳತೆಗಾಗಿ ಬೈಕಿನ ಮೇಲೇ ಟ್ಯಾಕ್ (ಅಲ್ಲಲ್ಲಿ ಚುಕ್ಕಿ ಬೆಸುಗೆ) ಹಾಕಬೇಕು ಅಂದರೆ ಬ್ಯಾಟರಿ ವೈರ್ ತೆಗೆಯಿರಿ, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕಪ್ಲರ್ ಬಿಚ್ಚಿ, ಆಕ್ಸಿಜನ್ ಸೆನ್ಸರ್ ಕಳಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ. ಅರ್ಥ್ ಕ್ಲಾಂಪ್ ಪೈಪಿಗೇ ಹಾಕಿ, ಇಂಜಿನ್ನಿಗೋ ಫ್ರೇಮಿಗೋ ಅಲ್ಲ. ಗುಜರಿಯಿಂದ ತಂದ ಜಿಐ ಪೈಪ್ ಉಪಯೋಗಿಸಿದ್ದರೆ ಅದನ್ನು ತೆಗೆದೇ ಬಿಡಿ. ಅದರ ಸತುವಿನ ಲೇಪ ಬೆಸುಗೆಯ ಬಿಸಿಗೆ ಹೊಗೆಯಾಗುತ್ತದೆ. ಆ ಹೊಗೆ ಕುಡಿದರೆ ರಾತ್ರಿ ಜ್ವರ, ನಡುಕ ಬರುತ್ತದೆ.

ಲೀಕ್ ಹುಡುಕುವುದು

ಇಂಜಿನ್ ಪೂರ್ತಿ ತಣ್ಣಗಿರಬೇಕು. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವ ಹೊತ್ತೇ ಸರಿ. ಪೈಪ್ ಬಿಸಿಯಾದ ಮೇಲೆ ಲೋಹ ಹಿಗ್ಗಿ ಸಣ್ಣ ಸಂದು ಮುಚ್ಚಿಕೊಳ್ಳುತ್ತದೆ, ಲೀಕ್ ಇಲ್ಲವೇ ಇಲ್ಲ ಅನ್ನುವ ಹಾಗೆ ಕಾಣುತ್ತದೆ. ಅದಕ್ಕೇ ಗ್ಯಾರೇಜಿಗೆ ಓಡಿಸಿಕೊಂಡು ಹೋದ ಬೈಕಿನಲ್ಲಿ ಮೆಕ್ಯಾನಿಕ್‌ಗೆ ಏನೂ ಸಿಗುವುದಿಲ್ಲ.

ಸ್ಟಾರ್ಟ್ ಮಾಡಿದ ತಕ್ಷಣ ಹೆಡ್ಡಿನ ಹತ್ತಿರ ಕಿವಿ ಕೊಡಿ. ಟಕ್ ಟಕ್ ಎನ್ನುವ ಸಣ್ಣ ಸದ್ದು ಕೇಳಿದರೆ ಅದು ಟ್ಯಾಪೆಟ್ ಅಂತ ಕೂಡಲೇ ತೀರ್ಮಾನಿಸಬೇಡಿ. ಪೋರ್ಟ್ ಬಾಯಿಯ, ಅಂದರೆ ಹೆಡ್ಡಿನಿಂದ ಹೊಗೆ ಹೊರಬರುವ ತೂತಿನ ಹತ್ತಿರದ ಲೀಕ್ ಕೂಡ ಹಾಗೇ ಸದ್ದು ಮಾಡುತ್ತದೆ. ಸ್ವಲ್ಪ ರೇಸ್ ಕೊಟ್ಟಾಗ ಸದ್ದು ಚೂಪಾಗಿ, ಬಿಸಿಯಾದ ಮೇಲೆ ಕಡಿಮೆಯಾದರೆ ಲೀಕಿನ ಕಡೆಗೇ ಸಂಶಯ ಪಡಿ. ಅರ್ಧ ಮೀಟರ್ ರಬ್ಬರ್ ಪೈಪ್ ತಗೊಂಡು ಒಂದು ತುದಿ ಕಿವಿಗೆ ಇಟ್ಟು, ಇನ್ನೊಂದು ತುದಿಯನ್ನು ಜೋಡಣೆಯ ಸುತ್ತ ಆಡಿಸಿ. ಎಲ್ಲಿ ಫಟ್ ಫಟ್ ಅಂತ ಗಾಳಿ ಹೊಡೆಯುತ್ತದೋ ಅಲ್ಲೇ ಸಂದು.

ಊದಿನಕಡ್ಡಿಯೂ ಚೆನ್ನಾಗಿ ಕೆಲಸ ಮಾಡುತ್ತದೆ. ಹಚ್ಚಿ ಜೋಡಣೆಯ ಹತ್ತಿರ ಹಿಡಿದರೆ ಹೊಗೆಯ ಎಳೆ ಲೀಕ್ ಇರುವ ಕಡೆ ಮಾತ್ರ ನಡುಗುತ್ತದೆ. ಪೆಟ್ರೋಲ್ ವಾಸನೆ ಚೂರು ಇದ್ದರೂ ಇದು ಬೇಡ, ಕಾರ್ಬೋರೇಟರ್ ಕಡೆಗಂತೂ ಕಡ್ಡಿ ಒಯ್ಯಲೇಬೇಡಿ.

ಇವೆರಡರಲ್ಲೂ ತಿಳಿಯದಿದ್ದರೆ ಸೋಪ್ ನೀರು. ಇಂಜಿನ್ ಬಂದ್ ಇರಲಿ. ಪಿಸ್ಟನ್ನನ್ನು ಕಂಪ್ರೆಷನ್ ಹೊಡೆತದ ತುದಿಗೆ ತನ್ನಿ, ಆಗ ಎಕ್ಸಾಸ್ಟ್ ವಾಲ್ವ್ ಮುಚ್ಚಿರುತ್ತದೆ. ಸೈಲೆನ್ಸರ್ ಬಾಯಿಗೆ ಧೂಳು ಹೊಡೆಯುವ ಬ್ಲೋವರ್ ಇಟ್ಟು ಸುತ್ತ ಒದ್ದೆ ಬಟ್ಟೆ ಬಿಗಿದು ಗಾಳಿ ಬಿಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿದ ನೀರನ್ನು ಪ್ರತಿ ಬೆಸುಗೆಗೂ, ಪ್ರತಿ ಜೋಡಣೆಗೂ ಬ್ರಷ್ಷಿನಿಂದ ಹಚ್ಚಿ. ಸೂಜಿ ಮೊನೆಯಷ್ಟು ತೂತಿದ್ದರೂ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಕಡೆಯೆಲ್ಲ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ. ಸ್ಲಿಪ್ ಜಾಯಿಂಟಿನಲ್ಲಿ (ಒಂದು ಪೈಪ್ ಇನ್ನೊಂದರ ಒಳಗೆ ಜಾರಿ ಕೂರುವ ಕಡೆ) ನಾಲ್ಕಾರು ಗುಳ್ಳೆ ಬಂದರೆ ಅದೇನು ದೊಡ್ಡದಲ್ಲ. ಪೋರ್ಟ್ ಬಾಯಿಯಲ್ಲಿ ಒಂದೂ ಬರಬಾರದು.

ಕೆಲವು ದಿನ ಓಡಿಸಿದ ಬೈಕಾದರೆ ಮಸಿಯೇ ಸಾಕ್ಷಿ. ಫ್ಲೇಂಜಿನ (ಪೈಪನ್ನು ಹೆಡ್ಡಿಗೆ ಬಿಗಿಯುವ ಚಪ್ಪಟೆ ಪ್ಲೇಟಿನ) ಪಕ್ಕ, ಹೆಡ್ಡಿನ ಫಿನ್‌ಗಳ ಮೇಲೆ ಬೀಸಣಿಗೆ ಆಕಾರದಲ್ಲಿ ಕಪ್ಪು ಹರಡಿದ್ದರೆ ಆ ಬೀಸಣಿಗೆಯ ಹಿಡಿ ಎಲ್ಲಿದೆಯೋ ಅಲ್ಲಿಂದಲೇ ಗಾಳಿ ಬರುತ್ತಿದೆ.

ಲೀಕ್ ಸಿಕ್ಕಿತು. ಯಾಕೆ ಬಂತು?

ಹೆಚ್ಚಿನವರು ಇಲ್ಲಿ ನಟ್ ಇನ್ನೊಂದು ಸುತ್ತು ಬಿಗಿಯುತ್ತಾರೆ. ಅದರಲ್ಲೇ ಸ್ಟಡ್ ಮುರಿಯುವುದು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಕೂತ 6 ಅಥವಾ 8 ಮಿ.ಮೀ. ಸ್ಟಡ್ಡು, ಕರಾವಳಿಯ ತುಕ್ಕು ಬೇರೆ ಹಿಡಿದಿರುತ್ತದೆ. ಕಟ್ಟಾಯಿತು ಅಂದರೆ ಲೇತ್ ಅಂಗಡಿಯ ಕೆಲಸ, ಖರ್ಚೂ ಜಾಸ್ತಿ.

ಬಿಗಿಯುವ ಬದಲು ಸಡಿಲ ಮಾಡಿ ನೋಡಿ. ಹಿಂದಿನ ಬ್ರಾಕೆಟ್ಟಿನ ಬೋಲ್ಟ್ ಮಾತ್ರ ಬಿಚ್ಚಿ. ಸೈಲೆನ್ಸರ್ ಇದ್ದಲ್ಲೇ ಇದ್ದು ತೂತು ತೂತಿಗೆ ಸರಿಯಾಗಿ ಕೂತಿದ್ದರೆ ಜೋಡಣೆ ಸರಿ ಇದೆ. ಬೋಲ್ಟ್ ಹೊರಬಂದ ಕೂಡಲೇ ಸೈಲೆನ್ಸರ್ ಟಣ್ಣನೆ ಪಕ್ಕಕ್ಕೆ ಹಾರಿದರೆ ನಿಮ್ಮ ಪೈಪ್ ಇಷ್ಟು ದಿನ ಎಳೆತದಲ್ಲೇ ಇತ್ತು ಎಂದು ಅರ್ಥ. ನನ್ನ ಅನುಭವದಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಇನ್ನೊಂದಿಲ್ಲ. ಒಂದೇ ಸ್ಪ್ಯಾನರ್ ಸಾಕು.

ಕುಮಟಾದ ಹುಡುಗನೊಬ್ಬನ 350 ಸಿಸಿ ಬೈಕಿನಲ್ಲಿ ಇದೇ ಆಗಿತ್ತು. ದೇವಿಮನೆ ಘಾಟಿ ಹತ್ತುವಾಗ ಪಿಕಪ್ ಇಲ್ಲ, ಇಳಿಯುವಾಗ ಪಟಾಕಿ. ಮೇನ್ ಜೆಟ್ ಆಗಲೇ ಬದಲಾಗಿತ್ತು, ಪ್ಲಗ್ಗೂ ಹೊಸದು. ಹಿಂದಿನ ಬೋಲ್ಟ್ ಬಿಚ್ಚಿದರೆ ಸೈಲೆನ್ಸರ್ ಹೆಬ್ಬೆರಳಿನ ದಪ್ಪದಷ್ಟು ಹೊರಗೆ ಸರಿಯಿತು. ಗ್ಯಾಸ್ಕೆಟ್ ತೆಗೆದು ನೋಡಿದರೆ ಅರ್ಧ ಭಾಗ ಚಪ್ಪಟೆಯಾಗಿ ಹೊಳೆಯುತ್ತಿತ್ತು, ಇನ್ನರ್ಧ ಒತ್ತಡವೇ ಬೀಳದೆ ಮಸಿ ಹಿಡಿದು ಕಪ್ಪಾಗಿತ್ತು. ಹಿಂದಿನಿಂದ ಬೋಲ್ಟ್ ಎಳೆದಾಗ ಮುಂದೆ ಫ್ಲೇಂಜ್ ಓರೆಯಾಗಿ ಬಾಯಿ ಬಿಟ್ಟಿತ್ತು, ಅಷ್ಟೆ. ಬ್ರಾಕೆಟ್ ಕತ್ತರಿಸಿ, ಪೈಪ್ ತಾನಾಗಿ ನಿಂತ ಜಾಗದಲ್ಲೇ ಮತ್ತೆ ಟ್ಯಾಕ್ ಹಾಕಿ, ಹೊಸ ಗ್ಯಾಸ್ಕೆಟ್ ಕೂರಿಸಿದ ಮೇಲೆ ಹಳೆಯ ಜೆಟ್ಟನ್ನೇ ವಾಪಸ್ ಹಾಕಬೇಕಾಯಿತು. ಬಂದರಿನ ಹತ್ತಿರ ಬೋಟಿನ ಕೆಲಸ ಮಾಡುವ ವೆಲ್ಡರ್ ಒಬ್ಬರು ಅವನಿಗೆ ಹೇಳಿದ್ದು ಸರಿಯಾಗಿಯೇ ಇತ್ತು: "ತಮಾ, ಬೋಲ್ಟ್ ಇರೋದು ಹಿಡಿಯೋಕೆ, ಎಳೆಯೋಕಲ್ಲ."

ಎಳೆತ ಇಲ್ಲದೆಯೂ ಲೀಕ್ ಇದ್ದರೆ ಫ್ಲೇಂಜ್ ನೋಡಿ. ತೆಳು ತಗಡಿನ ಫ್ಲೇಂಜ್ ಬೆಸುಗೆಯ ಬಿಸಿಗೆ ಸೊಟ್ಟಗಾಗುತ್ತದೆ. ಬಿಚ್ಚಿ ದಪ್ಪ ಗಾಜಿನ ಮೇಲೆ ಬೋರಲು ಇಟ್ಟು ಮೂಲೆ ಒತ್ತಿ ನೋಡಿ, ಟಕ್ ಟಕ್ ಅಲ್ಲಾಡಿದರೆ ಸೊಟ್ಟಗಾಗಿದೆ. ಅದೇ ಗಾಜಿನ ಮೇಲೆ ಎಮರಿ ಹಾಳೆ ಹಾಸಿ, ಒಂದೇ ಸಮನೆ ತಿಕ್ಕಿ ಮಟ್ಟ ಮಾಡಬಹುದು. ಹೊಸದು ಮಾಡುವುದಾದರೆ 8 ಮಿ.ಮೀ. ದಪ್ಪದ ಪ್ಲೇಟ್ ತಗೊಳ್ಳಿ, ಬೆಸುಗೆ ಹಾಕುವಾಗ ಇನ್ನೊಂದು ದಪ್ಪ ಪ್ಲೇಟಿಗೆ ಬೋಲ್ಟ್ ಬಿಗಿದುಕೊಂಡು ಹಾಕಿ, ಪೂರ್ತಿ ತಣ್ಣಗಾದ ಮೇಲೆ ಬಿಚ್ಚಿ.

ಗ್ಯಾಸ್ಕೆಟ್ ಪ್ರತಿ ಸಲ ಹೊಸದೇ ಆಗಬೇಕು. ಗಟ್ಟಿ ತಾಮ್ರದ ಬಳೆಯಾದರೆ ಮಾತ್ರ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿಕೊಂಡು ಮತ್ತೆ ಉಪಯೋಗಿಸಬಹುದು. ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಹಾಕುವುದು, ಎಂಸೀಲ್ ಮೆತ್ತುವುದು, ಕೆಂಪು ಸಿಲಿಕೋನ್ ಹಚ್ಚುವುದು, ಯಾವುದೂ ಪೋರ್ಟ್ ಬಾಯಿಯಲ್ಲಿ ನಿಲ್ಲುವುದಿಲ್ಲ. ಪೂರ್ತಿ ಲೋಡಿನಲ್ಲಿ ಅಲ್ಲಿನ ಗಾಳಿ 700 ಡಿಗ್ರಿ ದಾಟಬಹುದು. ಸಿಲಿಕೋನಿನ ಹಬೆ ಆಕ್ಸಿಜನ್ ಸೆನ್ಸರನ್ನೂ ಕೆಡಿಸುತ್ತದೆ.

ಕೂರಿಸುವ ಕ್ರಮ ಹೀಗೆ. ಮುಂದೆ ಗ್ಯಾಸ್ಕೆಟ್ ಇಟ್ಟು ಎರಡೂ ನಟ್ ಕೈಯಲ್ಲೇ ತಿರುಗಿಸಿ. ನಡುವಿನ ಕ್ಲಾಂಪ್ ಸಡಿಲ ಇರಲಿ. ಹಿಂದಿನ ಬೋಲ್ಟ್ ಸುಮ್ನೆ ತೂರಿಸಿ. ಈಗ ಮುಂದಿನಿಂದ ಶುರು ಮಾಡಿ, ಆಚೆ ಅರ್ಧ ಸುತ್ತು, ಈಚೆ ಅರ್ಧ ಸುತ್ತು ಬಿಗಿಯುತ್ತಾ ಬನ್ನಿ. ಆಮೇಲೆ ಕ್ಲಾಂಪ್, ಕೊನೆಗೆ ಬ್ರಾಕೆಟ್. ಸ್ಟಡ್ಡಿಗೆ ತಾಮ್ರದ ಗ್ರೀಸ್ ಹಚ್ಚಿದರೆ ಮುಂದಿನ ಸಲ ಬಿಚ್ಚುವಾಗ ಮುರಿಯುವುದಿಲ್ಲ. ಒಮ್ಮೆ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ಪೂರ್ತಿ ತಣಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ.

ಥ್ರಾಟಲ್ ಬಿಟ್ಟಾಗ ಪಟಾಕಿ

ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿದಾಗ ಸ್ವಲ್ಪ ಪೆಟ್ರೋಲ್ ಪೂರ್ತಿ ಉರಿಯದೆ ಪೈಪಿಗೆ ಬರುತ್ತದೆ. ಬರೀ ಅದರಿಂದ ಸದ್ದು ಬರುವುದಿಲ್ಲ, ಉರಿಯೋಕೆ ಗಾಳಿ ಬೇಕಲ್ವಾ? ಆ ಗಾಳಿ ಪೋರ್ಟ್ ಹತ್ತಿರದ ಲೀಕಿನಿಂದ ಒಳಗೆ ಬರುತ್ತದೆ. ಒಂದೊಂದು ಹೊಡೆತ ದಾಟಿದ ಮೇಲೆ ಪೈಪಿನಲ್ಲಿ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ, ಹಾಗಾಗಿ ಹೊಗೆ ಹೊರಹಾಕುವ ಸಂದೇ ಮರುಕ್ಷಣ ಗಾಳಿ ಎಳೆದುಕೊಳ್ಳುತ್ತದೆ.

ಲೀಕ್ ಇಲ್ಲವೇ ಇಲ್ಲ ಎಂದು ಖಾತ್ರಿಯಾದ ಮೇಲೂ ಪಟಪಟ ನಿಲ್ಲದಿದ್ದರೆ ಹೆಡ್ಡಿಗೆ ಬರುವ ಗಾಳಿ ಟ್ಯೂಬ್ ನೋಡಿ. ಎಷ್ಟೋ ಬೈಕುಗಳಲ್ಲಿ ಹೊಗೆ ಶುದ್ಧ ಮಾಡಲೆಂದೇ ಕಂಪನಿಯವರು ಪೋರ್ಟಿಗೆ ಹೊಸ ಗಾಳಿ ಬಿಡುವ ವಾಲ್ವ್ ಇಟ್ಟಿರುತ್ತಾರೆ. ಕಂಪನಿ ಸೈಲೆನ್ಸರಿನಲ್ಲಿ ಆ ಸದ್ದು ಅಡಗಿರುತ್ತದೆ, ನಿಮ್ಮ ಹಗುರ ಸೈಲೆನ್ಸರಿನಲ್ಲಿ ಕೇಳುತ್ತದೆ. ಆ ಟ್ಯೂಬನ್ನು ಒಂದು ಸುತ್ತಿನ ಮಟ್ಟಿಗೆ ಕ್ಲಿಪ್ ಹಾಕಿ ಮುಚ್ಚಿ ಓಡಿಸಿ. ಸದ್ದು ನಿಂತರೆ ಕಾರಣ ಗೊತ್ತಾಯಿತು. ಕ್ಲಿಪ್ ತೆಗೆದುಬಿಡಿ, ಆ ವಾಲ್ವ್ ಹೊಗೆಯ ವ್ಯವಸ್ಥೆಯ ಭಾಗ. ಸೈಲೆನ್ಸರಿನ ಒಳಗೆ ಪ್ಯಾಕಿಂಗ್ ಸರಿ ಮಾಡುವುದೇ ಇದಕ್ಕೆ ದಾರಿ.

ಸದ್ದು ಸೈಲೆನ್ಸರಿನಿಂದ ಅಲ್ಲ, ಕಾರ್ಬೋರೇಟರ್ ಕಡೆಯಿಂದ ಕೆಮ್ಮಿದ ಹಾಗೆ ಬಂದರೆ ಅದು ಬೇರೆ ದೋಷ. ಟೈಮಿಂಗ್, ಇನ್ಲೆಟ್ ವಾಲ್ವ್, ಮ್ಯಾನಿಫೋಲ್ಡ್ ರಬ್ಬರ್ ಬಿರುಕು, ಇವನ್ನು ನೋಡಿ. ಪೈಪಿನ ಮೇಲೆ ತಪ್ಪು ಹೊರಿಸಬೇಡಿ.

ಪಿಕಪ್ ಇಲ್ಲ, ಮೈಲೇಜ್ ಇಲ್ಲ

ಕೆಳಗಿನ ಆರ್‌ಪಿಎಮ್‌ನಲ್ಲಿ ಸಪ್ಪೆ, ಮೇಲೆ ಹೋದ ಮೇಲೆ ಚೆನ್ನಾಗಿ ಎಳೆಯುತ್ತದೆ ಅಂದರೆ ಪೈಪ್ ಬೇಕಾದ್ದಕ್ಕಿಂತ ಅಗಲವಾಗಿದೆ ಅಥವಾ ಗಿಡ್ಡವಾಗಿದೆ. ಅಗಲ ಪೈಪ್ ಹಾಕಿದರೆ ಪವರ್ ಜಾಸ್ತಿ ಎನ್ನುವ ನಂಬಿಕೆ ನಮ್ಮ ಕಡೆ ಬಹಳ ಇದೆ. ಇಂಜಿನ್ ಹೊಗೆ ಬಿಡುವುದು ಹೊಡೆತ ಹೊಡೆತವಾಗಿ. ಪ್ರತಿ ಹೊಡೆತದ ಹಿಂದೆ ಒತ್ತಡದ ಅಲೆ ಓಡುತ್ತದೆ, ಪೈಪ್ ಅಗಲವಾಗುವ ಕಡೆ ಅದು ಸೆಳೆತವಾಗಿ ಹಿಂದಿರುಗುತ್ತದೆ. ವಾಲ್ವ್ ಮುಚ್ಚುವ ಹೊತ್ತಿಗೆ ಸರಿಯಾಗಿ ಹಿಂದಿರುಗಿದರೆ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಳ್ಳುತ್ತದೆ. ಪೈಪ್ ಗಿಡ್ಡ ಮಾಡಿದರೆ ಈ ಲಾಭ ಸಿಗುವ ಆರ್‌ಪಿಎಮ್ ಮೇಲಕ್ಕೆ ಹೋಗುತ್ತದೆ. ಘಾಟಿ ಹತ್ತುವ ಬೈಕಿಗೆ ಅದು ಉಪಯೋಗವಿಲ್ಲ. ಕಂಪನಿ ಪೈಪಿನ ಒಳ ಅಗಲ, ಉದ್ದ ಅಳೆದು ಅದರ ಹತ್ತಿರವೇ ಇರಿ.

ಎಲ್ಲ ಆರ್‌ಪಿಎಮ್‌ನಲ್ಲೂ ಉಸಿರು ಕಟ್ಟಿದಂತಿದ್ದರೆ ಅಡ್ಡ ಏನೋ ಇದೆ. ಮೊಬೈಲ್ ಟಾರ್ಚ್ ಹಾಕಿ ಪೈಪಿನ ಒಳಗೆ ನೋಡಿ. ಬೆಸುಗೆ ಒಳಗೆ ಇಳಿದು ಗಂಟು ಕಟ್ಟಿರಬಹುದು. ಗ್ಯಾಸ್ಕೆಟ್ಟಿನ ಒಳ ಅಗಲ ಪೋರ್ಟಿಗಿಂತ ಚಿಕ್ಕದಿರಬಹುದು. ಪೈಪಿನ ತುದಿ ಫ್ಲೇಂಜಿನಿಂದ ಒಳಗೆ ಚಾಚಿ ಪೋರ್ಟಿಗೆ ಅಡ್ಡ ನಿಂತಿರಬಹುದು. ತಿಂಗಳುಗಟ್ಟಲೆ ನಿಂತ ಬೈಕಾದರೆ ಸೈಲೆನ್ಸರ್ ಬಾಯಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆಯಾ ಅಂತಲೂ ನೋಡಿ.

ಫ್ಯುಯೆಲ್ ಇಂಜೆಕ್ಷನ್ ಬೈಕಿನಲ್ಲಿ ಮೈಲೇಜ್ ಇಳಿದು, ಪ್ಲಗ್ ಕಪ್ಪಾಗಿ, ಪೆಟ್ರೋಲ್ ವಾಸನೆ ಬರುತ್ತಿದ್ದರೆ ಇಂಜೆಕ್ಟರ್ ಮುಟ್ಟುವ ಮೊದಲು ಮತ್ತೆ ಲೀಕಿಗೇ ಬನ್ನಿ. ಸೆನ್ಸರಿಗಿಂತ ಮುಂದೆ ಸಂದಿದ್ದರೆ ಹೊರಗಿನ ಗಾಳಿ ಒಳ ಸೇರುತ್ತದೆ. ಸೆನ್ಸರ್ ಅದನ್ನು ನೋಡಿ ಆಮ್ಲಜನಕ ಜಾಸ್ತಿ ಇದೆ, ಪೆಟ್ರೋಲ್ ಸಾಲದು ಅಂತ ವರದಿ ಕೊಡುತ್ತದೆ. ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ. ಸೆನ್ಸರೂ ಸರಿ, ಇಸಿಯುವೂ ಸರಿ, ಸುಳ್ಳು ಹೇಳಿದ್ದು ಸಂದು. ಸೆನ್ಸರ್ ಬುಷ್ಷನ್ನು ಪೈಪಿನ ಅಡಿಗೆ ಹಾಕಿದ್ದರೆ ಅದನ್ನೂ ತಿದ್ದಿ. ಸೆನ್ಸರಿನ ತಲೆ ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿ ಮೇಲಿರಬೇಕು. ಕೆಳಗಿದ್ದರೆ ಒಳಗಿನ ನೀರು ಅದರ ಮೇಲೆ ನಿಂತು, ಬಿಸಿಯಾದಾಗ ಒಳಗಿನ ಸೆರಾಮಿಕ್ ಸೀಳುತ್ತದೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಹೊಗೆಯ ಹೊಸ ಮಾನದಂಡದ) ಬೈಕಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ (ಪೈಪಿನೊಳಗೆ ಹೊಗೆ ಶುದ್ಧ ಮಾಡುವ ಭಾಗ) ತೆಗೆದು ಸಾದಾ ಪೈಪ್ ಹಾಕಿದ್ದರೆ ಅದಕ್ಕೆ ದೋಷ ನಿವಾರಣೆ ಅಂತ ಇಲ್ಲ. ಕನ್ವರ್ಟರ್ ಇರುವ ಭಾಗವನ್ನೇ ವಾಪಸ್ ಹಾಕಬೇಕು. ಬೇಕಿದ್ದರೆ ಅದರ ಹಿಂದಿನ ಡಬ್ಬಿ ಮೇಲೆ ನಿಮ್ಮ ಕೈಚಳಕ ತೋರಿಸಿ.

ಬಿರುಕು

ಬಿರುಕು ಸಾಮಾನ್ಯವಾಗಿ ಬರುವುದು ಎರಡು ಕಡೆ: ಫ್ಲೇಂಜ್ ಬೆಸುಗೆಯ ಅಂಚಿನಲ್ಲಿ, ಬ್ರಾಕೆಟ್ ಬೆಸುಗೆಯ ಮೂಲೆಯಲ್ಲಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಒಂದು ಮೀಟರ್ ಪೈಪ್ 400 ಡಿಗ್ರಿ ಬಿಸಿಯೇರಿದರೆ ಸುಮಾರು 7 ಮಿ.ಮೀ. ಉದ್ದವಾಗುತ್ತದೆ. ಸಾದಾ ಕಬ್ಬಿಣ ಸುಮಾರು 5 ಮಿ.ಮೀ. ಆ ಹಿಗ್ಗಿಗೆ ಜಾಗ ಬೇಕು. ನಡುವೆ ಸ್ಪ್ರಿಂಗ್ ಹಾಕಿದ ಸ್ಲಿಪ್ ಜಾಯಿಂಟ್ ಇಲ್ಲದೆ, ಬ್ರಾಕೆಟ್ಟಿನಲ್ಲಿ ರಬ್ಬರ್ ಬುಷ್ಷೂ ಇಲ್ಲದೆ ಕಬ್ಬಿಣಕ್ಕೆ ಕಬ್ಬಿಣ ಬಿಗಿದರೆ ಅದು ಎಲ್ಲೋ ಒಂದು ಕಡೆ ಬಿರಿಯಲೇಬೇಕು. ಸಿಂಗಲ್ ಸಿಲಿಂಡರಿನ ನಡುಕ ಅದಕ್ಕೆ ಇನ್ನಷ್ಟು ಸೇರುತ್ತದೆ.

ಬಿರುಕಿನ ಮೇಲೆಯೇ ಬೆಸುಗೆ ಮೆತ್ತಿದರೆ ಪಕ್ಕದಲ್ಲಿ ಮತ್ತೆ ಒಡೆಯುತ್ತದೆ. ಬಿರುಕಿನ ತುದಿ ಹುಡುಕಿ ಅಲ್ಲಿ 3 ಮಿ.ಮೀ. ತೂತು ಕೊರೆಯಿರಿ, ಅದು ಮುಂದೆ ಓಡುವುದು ನಿಲ್ಲುತ್ತದೆ. ಗ್ರೈಂಡರಿನಿಂದ ವಿ ಆಕಾರದ ಕಾಲುವೆ ತೆಗೆದು ಬೆಸುಗೆ ತುಂಬಿ. ಬ್ರಾಕೆಟ್ಟನ್ನು ತೆಳು ಪೈಪಿಗೆ ಸೀದಾ ಅಂಟಿಸುವ ಬದಲು ಅಂಗೈಯಷ್ಟು ಅಗಲದ ಪಟ್ಟಿ ಹಾಕಿ ಅದರ ಮೇಲೆ ಅಂಟಿಸಿ.

ಬೆಸುಗೆಯೇ ಸರಿಯಾಗಿ ಹಿಡಿದಿಲ್ಲದ ಪ್ರಕರಣ ನಮ್ಮ ಹಳ್ಳಿಗಳಲ್ಲಿ ಬಹಳ. ಮಳೆಗಾಲದಲ್ಲಿ ಕರೆಂಟ್ ಬರುವುದೇ ಹೆಚ್ಚು, ಬಂದರೂ ವೋಲ್ಟೇಜ್ ಇರುವುದಿಲ್ಲ. ಅದಕ್ಕೆ ಉದ್ದದ ತೆಳು ವೈರ್ ಬೇರೆ. ಬೆಸುಗೆ ಪೈಪಿನ ಒಳಗೆ ಕರಗಿ ಸೇರದೆ ಮೇಲೆ ಹುರಿಯ ಹಾಗೆ ಎದ್ದು ನಿಲ್ಲುತ್ತದೆ. ಮಷಿನ್ನಿಗೆ ಕನಿಷ್ಠ 2.5 ಚದರ ಮಿ.ಮೀ. ತಾಮ್ರದ ವೈರ್ ಇರಲಿ, ಸಾಧ್ಯವಾದಷ್ಟು ಗಿಡ್ಡ ಇರಲಿ. ವೋಲ್ಟೇಜ್ ಸಿಗುವ ಹೊತ್ತು ನೋಡಿ ಕೆಲಸ ಮಾಡಿ. ರಾಡುಗಳೂ ತೇವ ಕುಡಿದಿರುತ್ತವೆ. ತೇವದ ರಾಡಿನ ಬೆಸುಗೆಯಲ್ಲಿ ಸಣ್ಣ ಸಣ್ಣ ತೂತು ಬೀಳುತ್ತವೆ, ಸೋಪ್ ನೀರಿನಲ್ಲಿ ಗುಳ್ಳೆಯಾಗಿ ಕಾಣುವುದು ಅವೇ. ಪ್ಯಾಕೆಟ್ ಒಡೆದ ರಾಡನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಿ, ಹಚ್ಚುವ ಮೊದಲು ಬಿಸಿ ಮಾಡಿ ಒಣಗಿಸಿ. 1.2 ಮಿ.ಮೀ. ಪೈಪಿಗೆ ರಾಡಿನ ವೆಲ್ಡಿಂಗ್ ಕಷ್ಟವೇ, ತೂತು ಬೀಳುತ್ತದೆ. ಕೈ ಕೂತಿಲ್ಲದವರು 1.6 ಮಿ.ಮೀ. ಪೈಪ್ ತಗೊಳ್ಳಿ. ಇಲ್ಲವೆಂದರೆ ಮನೆಯಲ್ಲಿ ಟ್ಯಾಕ್ ಮಾತ್ರ ಹಾಕಿ, ಪೂರ್ತಿ ಬೆಸುಗೆಗೆ ಟಿಗ್ (ತೆಳು ಪೈಪಿಗೆ ಒಗ್ಗುವ ಗ್ಯಾಸ್ ವೆಲ್ಡಿಂಗ್ ಮಷಿನ್) ಇರುವ ಅಂಗಡಿಗೆ ಕೊಡಿ. ಒದ್ದೆ ನೆಲದ ಮೇಲೆ ನಿಂತು ವೆಲ್ಡಿಂಗ್ ಬೇಡವೇ ಬೇಡ.

ತುಕ್ಕು: ಹೊರಗಿನದು, ಒಳಗಿನದು

"304 ಸ್ಟೀಲ್ ಅಂತ ದುಡ್ಡು ಕೊಟ್ಟೆ, ಆದರೂ ತುಕ್ಕು ಬಂತು" ಎನ್ನುವ ದೂರು ಕಾರವಾರ, ಅಂಕೋಲಾ ಕಡೆ ಸಾಮಾನ್ಯ. ಕೊಟ್ಟವನು ಮೋಸ ಮಾಡಿರಲೇಬೇಕು ಅಂತಿಲ್ಲ. ಉಪ್ಪು ಗಾಳಿಯಲ್ಲಿ 304ರ ಮೇಲೆ ಚಹಾ ಕಲೆಯಂಥ ಕಂದು ಮಚ್ಚೆ ಬರುತ್ತದೆ. ಮಾಲಿಬ್ಡಿನಮ್ ಇರುವ 316 ಹೆಚ್ಚು ತಾಳುತ್ತದೆ.

ಮಚ್ಚೆ ಎಲ್ಲಿ ಎದ್ದಿದೆ ಅಂತ ಹತ್ತಿರದಿಂದ ನೋಡಿ. ಬೆಸುಗೆಯ ಪಕ್ಕ, ಗ್ರೈಂಡರ್ ಗೀರುಗಳ ಸಾಲಿನಲ್ಲೇ ಚುಕ್ಕಿ ಚುಕ್ಕಿಯಾಗಿ ಎದ್ದಿದ್ದರೆ ಕಾರಣ ನಿಮ್ಮ ಡಿಸ್ಕ್. ಗೇಟು, ಗ್ರಿಲ್ಲಿನ ಕಬ್ಬಿಣ ತಿಕ್ಕಿದ ಡಿಸ್ಕಿನಿಂದಲೇ ಸ್ಟೀಲ್ ಪೈಪನ್ನೂ ತಿಕ್ಕಿದರೆ ಕಬ್ಬಿಣದ ಕಣಗಳು ಸ್ಟೀಲಿನ ಮೈಗೆ ಹೂತುಕೊಳ್ಳುತ್ತವೆ. ತುಕ್ಕು ಹಿಡಿಯುವುದು ಆ ಕಣಗಳಿಗೆ. ಹೊಸ ಡಿಸ್ಕ್, ಸ್ಟೀಲಿನದೇ ತಂತಿ ಬ್ರಷ್, ಇವನ್ನು ಬೇರೆ ಡಬ್ಬಿಯಲ್ಲಿ ಇಡಿ. ಬಂದ ಮಚ್ಚೆಗೆ ಬಿಸಿ ನೀರಿನಲ್ಲಿ ಸಿಟ್ರಿಕ್ ಆಸಿಡ್ ಕರಗಿಸಿ ಬಟ್ಟೆಯಲ್ಲಿ ನೆನೆಸಿ ಸುತ್ತಿ, ಆಮೇಲೆ ಚೆನ್ನಾಗಿ ತೊಳೆಯಿರಿ. ಬಚ್ಚಲು ತೊಳೆಯುವ ಆಸಿಡ್ ಹಾಕಬೇಡಿ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್, ಸ್ಟೀಲನ್ನು ಹುಳ ತಿಂದ ಹಾಗೆ ಗುಳಿ ಬೀಳಿಸುತ್ತದೆ. ಮಾಜಾಳಿ, ದೇವಬಾಗ ಕಡೆ ಸಮುದ್ರದ ದಂಡೆಯಲ್ಲಿ ಓಡಾಡಿ ಬಂದರೆ ಪೈಪ್ ತಣಿದ ಮೇಲೆ ಸಿಹಿನೀರಿನಲ್ಲಿ ಒಂದು ಸಲ ತೊಳೆಯುವುದು ಎಲ್ಲಕ್ಕಿಂತ ಸುಲಭ.

ಒಳಗಿನ ತುಕ್ಕು ಕಣ್ಣಿಗೆ ಕಾಣುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿಸಿದರೆ ಅದು ಹಬೆಯಾಗಿ ಹೊರಟು ಹೋಗುತ್ತದೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಅಷ್ಟೇ ಓಡಾಡಿದರೆ ಡಬ್ಬಿ ಬಿಸಿಯೇ ಆಗುವುದಿಲ್ಲ, ನೀರು ತಳದಲ್ಲಿ ನಿಲ್ಲುತ್ತದೆ. ಆ ನೀರು ಸ್ವಲ್ಪ ಹುಳಿ, ಅದಕ್ಕೇ ಡಬ್ಬಿ ತಳದಿಂದ ಕೊಳೆಯುತ್ತದೆ. ಬೈಕ್ ಸೈಡ್ ಸ್ಟ್ಯಾಂಡಿನಲ್ಲಿ ನಿಂತಾಗ ಯಾವ ಜಾಗ ಎಲ್ಲಕ್ಕಿಂತ ಕೆಳಗೆ ಬರುತ್ತದೋ ಅಲ್ಲಿ 3 ಮಿ.ಮೀ. ತೂತು ಇಡಿ. ಆಗಲೇ ತೂತಿದ್ದರೆ ಮಣ್ಣು, ಮಸಿ ತುಂಬಿದೆಯಾ ನೋಡಿ, ತಂತಿ ಹಾಕಿ ಬಿಡಿಸಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹಬೆ, ನಾಲ್ಕು ಹನಿ ನೀರು ಬಂದರೆ ಗಾಬರಿ ಬೇಡ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಅದು ಆಯಿಲ್, ಸೈಲೆನ್ಸರಿಗೂ ಅದಕ್ಕೂ ಸಂಬಂಧ ಇಲ್ಲ.

ಗಲಗಲ, ಕರ್ಕಶ ಸದ್ದು

ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಡಬ್ಬಿಗೆ ಮೆಲ್ಲನೆ ತಟ್ಟಿ. ಒಳಗೆ ಗಲಗಲ ಎಂದರೆ ಬ್ಯಾಫಲ್ (ಸದ್ದು ತಗ್ಗಿಸುವ ಒಳ ತಡೆ) ಬಿಟ್ಟಿದೆ, ಇಲ್ಲವೇ ಜಾಲರಿ ಪೈಪಿನ ಟ್ಯಾಕ್ ಕಳಚಿದೆ. ಸದ್ದು ಹೊರಗಿನಿಂದ ಬಂದರೆ ಹೀಟ್ ಶೀಲ್ಡ್ ಕ್ಲಿಪ್. ಇಬ್ಬರು ಕೂತಾಗ ಮಾತ್ರ ಬರುವ ಸದ್ದಾದರೆ ಸ್ವಿಂಗ್ ಆರ್ಮ್ ಅಥವಾ ಸ್ಟ್ಯಾಂಡ್ ಪೈಪಿಗೆ ತಾಗುತ್ತಿದೆ, ಉಜ್ಜಿದ ಗುರುತು ಹುಡುಕಿ. ಹಿಂದಿನ ಬ್ರೇಕ್ ಹೋಸ್ ಪೈಪಿನಿಂದ ಎಷ್ಟು ದೂರ ಇದೆ ಎನ್ನುವುದನ್ನೂ ಆಗಲೇ ನೋಡಿಬಿಡಿ.

ದಿನ ಹೋದ ಹಾಗೆ ಸದ್ದು ಚೂಪಾಗುತ್ತಾ, ಡಬ್ಬಿಯ ಒಂದೇ ಜಾಗದಲ್ಲಿ ಪೇಂಟ್ ಸುಟ್ಟಿದ್ದರೆ ಒಳಗಿನ ಗ್ಲಾಸ್ ವೂಲ್ ಉದುರಿ ಹೋಗಿದೆ. ಜಾಲರಿ ಪೈಪಿನ ಸುತ್ತ ಮೊದಲು ಸ್ಟೀಲ್ ಉಣ್ಣೆ ಸುತ್ತಿ, ಅದರ ಮೇಲೆ ಗ್ಲಾಸ್ ವೂಲ್ ತುಂಬಿದರೆ ಬಾಳಿಕೆ ಜಾಸ್ತಿ. ಮಾಸ್ಕ್, ಕೈಗವಸು ಹಾಕಿಕೊಳ್ಳಿ, ಆ ನೂಲು ಚರ್ಮಕ್ಕೂ ಎದೆಗೂ ಒಳ್ಳೆಯದಲ್ಲ.

ಸದ್ದು ಜಾಸ್ತಿ ಇರುವುದೂ ಒಂದು ದೋಷವೇ, ಅದನ್ನೂ ಸರಿ ಮಾಡಬೇಕು. ರಾತ್ರಿ ಪಾಳಿ ಮುಗಿಸಿ ಮಲಗಿದವರು, ಹಸುಗೂಸುಗಳು ಎಲ್ಲ ಬೀದಿಯಲ್ಲೂ ಇರುತ್ತಾರೆ. ಕಂಪನಿಯಿಂದ ಹೊರಬರುವ ಬೈಕುಗಳಿಗೆ ಸರ್ಕಾರ ಇಟ್ಟ ಮಿತಿ 80ರಿಂದ 175 ಸಿಸಿವರೆಗೆ 77 ಡೆಸಿಬಲ್, ಅದಕ್ಕಿಂತ ದೊಡ್ಡದಕ್ಕೆ 80. ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್ ಪ್ರಕಾರ ಶಬ್ದ ಮತ್ತು ಹೊಗೆಯ ಮಾನದಂಡ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಲೈಸೆನ್ಸ್ ಕೂಡ 3 ತಿಂಗಳು ಹೋಗುತ್ತದೆ. ಮೊಬೈಲ್ ಆಪ್ ತೋರಿಸುವ ಅಂಕಿ ನಂಬುವಂಥದ್ದಲ್ಲ. ಆದರೆ ಒಂದೇ ಜಾಗ, ಒಂದೇ ದೂರ, ಒಂದೇ ಆರ್‌ಪಿಎಮ್ ಇಟ್ಟುಕೊಂಡು ಕಂಪನಿ ಸೈಲೆನ್ಸರನ್ನೂ ನಿಮ್ಮದನ್ನೂ ಹೋಲಿಸೋಕೆ ಅದು ಸಾಕು. ನಿಮ್ಮದು ಜೋರಾಗಿದ್ದರೆ ಬ್ಯಾಫಲ್ ಇನ್ನಷ್ಟು ಬೇಕು.

ಈಗ ಟ್ಯೂನಿಂಗ್

ಸೋಪ್ ಗುಳ್ಳೆ ಇಲ್ಲ, ಎಳೆತ ಇಲ್ಲ, ಒಳಗೆ ಅಡ್ಡ ಇಲ್ಲ. ಈಗ ಪ್ಲಗ್ ಬಿಚ್ಚಿ. ಹೊಸ ಪ್ಲಗ್ ಹಾಕಿ ಖಾಲಿ ನೇರ ರಸ್ತೆಯಲ್ಲಿ ಒಂದೇ ಥ್ರಾಟಲ್ಲಿನಲ್ಲಿ ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಇಂಜಿನ್ ಬಂದ್ ಮಾಡಿ ನಿಲ್ಲಿಸಿ ನೋಡಬೇಕು. ತಿಳಿ ಕಂದು ಇದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಸುಣ್ಣದ ಬಿಳಿ ಇದ್ದರೆ, ಪೈಪ್ ಹೆಡ್ಡಿನ ಹತ್ತಿರ ಬೇಗ ಕಡು ನೀಲಿಯಾಗಿದ್ದರೆ ಪೆಟ್ರೋಲ್ ಸಾಲದು. ಬರೀ ಬಣ್ಣ ನೋಡಿ ಹೆದರಬೇಡಿ. ಒಂದೇ ಪದರದ ಸ್ಟೀಲ್ ಪೈಪ್ 300 ಡಿಗ್ರಿ ಸುಮಾರಿಗೆ ಹುಲ್ಲಿನ ಹಳದಿ, 540ರ ಸುಮಾರಿಗೆ ನೀಲಿ ಆಗುವುದು ಸಹಜ. ರಾತ್ರಿ ಕೆಂಪಗೆ ಹೊಳೆಯುವುದು ಕಂಡರೆ ಮಾತ್ರ ಓಡಿಸುವುದು ನಿಲ್ಲಿಸಿ, ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದೆಯಾ ನೋಡಿಸಿ.

ಹಳೆಯ ಕಾರ್ಬೋರೇಟರ್ ಬೈಕಾದರೆ ಒಂದು ವಿಷಯ ನೆನಪಿರಲಿ. ಈಗಿನ ಪೆಟ್ರೋಲಿನಲ್ಲಿ 20 ಶೇಕಡಾವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತನ್ನಲ್ಲೇ ಆಮ್ಲಜನಕ ಹೊತ್ತು ತರುವುದರಿಂದ ಸೈಲೆನ್ಸರ್ ಬದಲಿಸದಿದ್ದರೂ ಮಿಶ್ರಣ ಸ್ವಲ್ಪ ತೆಳುವಾಗಿರುತ್ತದೆ. ಜೆಟ್ ಒಂದು ಸೈಜ್ ಮಾತ್ರ ಏರಿಸಿ. ಅದೇ ರಸ್ತೆ, ಅದೇ ಗೇರಿನಲ್ಲಿ ಮತ್ತೆ ನೋಡಿ. ಇನ್ನೊಂದು ಬದಲಾವಣೆಯನ್ನು ಅದೇ ದಿನ ಮಾಡಬೇಡಿ.

ಇಂಜೆಕ್ಷನ್ ಬೈಕಿನಲ್ಲಿ ಇಂಜಿನ್ ಲೈಟ್ ಆರದಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಕೋಡ್ ಓದಿಸಿ. ಆಕ್ಸಿಜನ್ ಸೆನ್ಸರಿನ ಕೋಡ್ ಬಂದರೆ ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಅದರ ವೈರ್ ಹಿಡಿದು ಕಪ್ಲರ್‌ವರೆಗೂ ಬೆರಳು ಆಡಿಸಿಕೊಂಡು ಹೋಗಿ. ಹೊಸ ಬೆಂಡ್ ಪೈಪ್ ಹಳೆಯದಕ್ಕಿಂತ ಹತ್ತಿರ ಹಾದಿದ್ದರೆ ವೈರಿನ ಮೈ ಎಲ್ಲೋ ಒಂದು ಕಡೆ ಕರಗಿರುತ್ತದೆ.